ಇಂಗ್ಲಿಷ್ ಚಿತ್ರಗಳ ಕುದುರೆ ಸಾರೋಟು: ಮೊದಲು ಎಳೆತ, ಆಮೇಲೆ ಕುದುರೆ

ಪ್ರಶ್ನೆ: ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಟಪಾಲು ಸಾರೋಟಿನ ಮುದ್ರಿತ ಚಿತ್ರವೊಂದನ್ನು ಇಟ್ಟುಕೊಂಡು ತೈಲವರ್ಣದಲ್ಲಿ ಬರೆಯುತ್ತಿದ್ದೇನೆ. ಕುದುರೆಗಳನ್ನು ಒಂದೊಂದಾಗಿ ನೋಡಿದರೆ ಪರವಾಗಿಲ್ಲ, ಗಾಡಿಯೂ ಪರವಾಗಿಲ್ಲ. ಒಟ್ಟಿಗೆ ನೋಡಿದರೆ ಮಾತ್ರ ಗಾಡಿ ನಿಂತೇ ಇರುತ್ತದೆ, ಕುದುರೆಗಳು ಅದರ ಮುಂದೆ ತೇಲುತ್ತವೆ. ಗಾಲಿಗಳು ತಟ್ಟೆ ಅಂಟಿಸಿದ ಹಾಗಿವೆ. ಇನ್ನೊಂದು ಸಂಶಯ: ಹಳೆಯ ಚಿತ್ರಗಳಲ್ಲಿ ಕುದುರೆಗಳು ನಾಲ್ಕೂ ಕಾಲು ಚಾಚಿಕೊಂಡು ಹಾರುತ್ತವಲ್ಲ, ಅದನ್ನು ಹಾಗೇ ಬರೆಯಬೇಕೋ ತಿದ್ದಬೇಕೋ?

ಉತ್ತರ: ನಿಮ್ಮ ತೊಂದರೆ ಕುದುರೆಯಲ್ಲೂ ಇಲ್ಲ, ಗಾಡಿಯಲ್ಲೂ ಇಲ್ಲ. ಎರಡರ ನಡುವೆ ಇದೆ. ಕುದುರೆಯ ಕೊರಳಿನಿಂದ ಗಾಡಿಗೆ ಹೋಗುವ ಎಳೆಪಟ್ಟಿಗಳನ್ನು ಎಲ್ಲ ಮುಗಿದ ಮೇಲೆ, ಸಣ್ಣ ಕುಂಚದಲ್ಲಿ, ಅಲಂಕಾರದ ಹಾಗೆ ಎಳೆದಿರುತ್ತೀರಿ. ಹೆಚ್ಚಿನವರು ಮಾಡುವುದು ಹಾಗೇ. ಈ ಕ್ರಮವನ್ನು ತಿರುಗುಮುರುಗು ಮಾಡಿ. ಕ್ಯಾನ್ವಾಸಿನ ಮೇಲೆ ಮೊದಲು ಬೀಳಬೇಕಾದದ್ದು ಎಳೆತದ ಗೆರೆ. ಕುದುರೆಯ ಮೈ ಆ ಗೆರೆಗೆ ಉತ್ತರವಾಗಿ ಬರಬೇಕು.

ನಾಲ್ಕು ಕುದುರೆಯ ಸಾರೋಟಿನಲ್ಲಿ ಎಳೆತ ಹೇಗೆ ಸಾಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುದ್ರಣದಲ್ಲಿ ಇದು ಅರ್ಧ ಮುಚ್ಚಿಹೋಗಿರುತ್ತದೆ. ಗಾಡಿಗೆ ಹತ್ತಿರವಿರುವ ಎರಡು ಕುದುರೆ ಹಿಂಜೋಡಿ, ಮುಂದಿನವು ಮುಂಜೋಡಿ. ಗಾಡಿಯಿಂದ ಹೊರಟ ಮೂಕಿ, ಅಂದರೆ ಉದ್ದನೆಯ ಮರದ ದಂಡ, ಹಿಂಜೋಡಿಯ ನಡುವೆ ಹಾದು ಅವುಗಳ ಎದೆಯ ಮುಂದೆ ಮುಗಿಯುತ್ತದೆ. ಮುಂಜೋಡಿಯ ನಡುವೆ ಮೂಕಿ ಇಲ್ಲ. ಅಲ್ಲಿಯವರೆಗೂ ಮೂಕಿ ಎಳೆದುಬಿಡುವುದು ಕಲಿಯುವವರು ಮಾಡುವ ಮೊದಲ ತಪ್ಪು. ಹಿಂಜೋಡಿಯ ಎಳೆಪಟ್ಟಿಗಳು ಕೊರಳಲ್ಲಿರುವ ಕಾಲರ್‌ನಿಂದ, ಅಂದರೆ ಒಳಗೆ ಹುಲ್ಲು ತುಂಬಿದ ತೊಗಲಿನ ದಪ್ಪ ಬಳೆಯಿಂದ, ಹೊರಟು ಗಾಡಿಯ ಮುಂಭಾಗದ ಅಡ್ಡಮರಕ್ಕೆ ಬಂದು ಸೇರುತ್ತವೆ. ಅಡ್ಡಮರ ಕಾಲರ್‌ಗಿಂತ ತಗ್ಗಿನಲ್ಲಿರುವುದರಿಂದ ಪಟ್ಟಿ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿ ಹೋಗುತ್ತದೆ. ಮುಂಜೋಡಿಯ ಪಟ್ಟಿಗಳು ಗಾಡಿಯವರೆಗೆ ಬರುವುದೇ ಇಲ್ಲ. ಮೂಕಿಯ ತುದಿಯ ಕೊಕ್ಕೆಗೆ ಒಂದು ದೊಡ್ಡ ಅಡ್ಡಕೋಲು, ಅದಕ್ಕೆ ಎರಡು ಸಣ್ಣ ಅಡ್ಡಕೋಲು ತೂಗುತ್ತವೆ. ಮುಂದಿನ ಕುದುರೆಗಳು ಎಳೆಯುವುದು ಆ ಸಣ್ಣ ಕೋಲುಗಳನ್ನು. ಇನ್ನು ಮೂಕಿಯ ತುದಿಯಿಂದ ಹಿಂಜೋಡಿಯ ಕಾಲರ್‌ಗಳಿಗೆ ಎರಡು ಸರಪಳಿ ಅಥವಾ ಪಟ್ಟಿ ಇರುತ್ತವೆ. ಅವು ಎಳೆಯುವುದಕ್ಕಲ್ಲ, ತಡೆಯುವುದಕ್ಕೆ.

ಇಷ್ಟು ಗೊತ್ತಾದರೆ ರಸ್ತೆ ಹತ್ತುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ನೆಲವನ್ನೇ ಬರೆಯದೆ ತೋರಿಸಬಹುದು. ಏರಿನಲ್ಲಿ ಎಳೆಪಟ್ಟಿಗಳು ಸೆಟೆದು ನೇರ ಗೆರೆಯಾಗುತ್ತವೆ, ಮುಂದಿನ ಅಡ್ಡಕೋಲುಗಳು ಮೂಕಿಯಿಂದ ಎದ್ದು ನಿಲ್ಲುತ್ತವೆ, ತಡೆಸರಪಳಿ ಜೋತುಬೀಳುತ್ತದೆ. ಇಳಿಜಾರಿನಲ್ಲಿ ಇದೆಲ್ಲ ಉಲ್ಟಾ: ಎಳೆಪಟ್ಟಿಗಳು ಸಡಿಲ, ಅಡ್ಡಕೋಲುಗಳು ಮೂಕಿಯ ತುದಿಯಲ್ಲಿ ಜೋಲುತ್ತವೆ, ಸರಪಳಿ ಮಾತ್ರ ಬಿಗಿ. ಹಿಂಜೋಡಿ ಎರಡೇ ಗಾಡಿಯ ಭಾರವನ್ನು ಕೊರಳಿನಲ್ಲಿ ತಡೆಹಿಡಿದು ಇಳಿಯುತ್ತವೆ, ಮುಂಜೋಡಿಗೆ ಅಲ್ಲಿ ಕೆಲಸವಿಲ್ಲ. ಇಳಿಜಾರು ಕಡಿದಾಗಿದ್ದರೆ ಹಿಂಗಾಲಿಯೊಂದರ ಕೆಳಗೆ ಕಬ್ಬಿಣದ ಪಾದರಕ್ಷೆಯಂಥ ತಡೆಯನ್ನು ಸಿಕ್ಕಿಸುತ್ತಿದ್ದರು. ಆಗ ಆ ಗಾಲಿ ಉರುಳದೆ ಜಾರುತ್ತದೆ, ಹಿಂದೆ ನೆಲದಲ್ಲಿ ಗೀರು ಬೀಳುತ್ತದೆ. ನಿಮ್ಮ ಚಿತ್ರದಲ್ಲಿ ಪಟ್ಟಿಗಳೂ ಸರಪಳಿಯೂ ಒಟ್ಟಿಗೆ ಬಿಗಿಯಾಗಿವೆಯೇ ನೋಡಿ. ಹಾಗಿದ್ದರೆ ಕುದುರೆಗಳು ಒಂದೇ ಹೊತ್ತಿಗೆ ಎಳೆಯುತ್ತಲೂ ತಡೆಯುತ್ತಲೂ ಇವೆ ಎಂದಾಗುತ್ತದೆ. ಗಾಡಿ ನಿಂತ ಹಾಗೆ ಕಾಣುವುದು ಅದಕ್ಕೇ.

ಲಗಾಮಿನ ಲೆಕ್ಕ ಇನ್ನೊಂದು. ಸಾರೋಟು ಓಡಿಸುವ ಕೋಚ್‌ಮನ್ ನಾಲ್ಕು ಲಗಾಮನ್ನೂ ಎಡಗೈಯಲ್ಲೇ ಹಿಡಿಯುತ್ತಾನೆ: ತೋರುಬೆರಳಿನ ಮೇಲೆ ಮುಂಜೋಡಿಯ ಎಡದ್ದು, ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಮುಂಜೋಡಿಯ ಬಲದ್ದು, ಅದರ ಕೆಳಗೆ ಹಿಂಜೋಡಿಯ ಎಡದ್ದು, ನಡುಬೆರಳು ಮತ್ತು ಉಂಗುರಬೆರಳಿನ ಸಂದಿಯಲ್ಲಿ ಹಿಂಜೋಡಿಯ ಬಲದ್ದು. ಬಲಗೈ ಚಾಟಿಗೆ. ಮುಂಜೋಡಿಯ ಲಗಾಮುಗಳು ಹಿಂಜೋಡಿಯ ತಲೆಯ ಬಳಿಯ ಬಳೆಗಳನ್ನು ದಾಟಿ ಬರುತ್ತವೆ. ಆದ್ದರಿಂದ ಅವು ಗಾಳಿಯಲ್ಲಿ ಒಂದೇ ನೇರ ಗೆರೆಯಾಗಿ ಹೋಗುವುದಿಲ್ಲ, ಆ ಬಳೆಯ ಹತ್ತಿರ ಸಣ್ಣದೊಂದು ಕೋನ ತಿರುಗುತ್ತವೆ. ಆ ಕೋನವನ್ನು ಬರೆದರೆ ಸಾಕು, ಉಳಿದದ್ದನ್ನು ನೋಡುವವನ ಕಣ್ಣು ತುಂಬಿಕೊಳ್ಳುತ್ತದೆ.

ಬರೆಯಲು ಕೂರುವ ಮೊದಲು ಮಾಡಬೇಕಾದ ಪರೀಕ್ಷೆಯೊಂದಿದೆ. ಇಂಗ್ಲೆಂಡಿನಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಹೋಗುತ್ತವೆ, ಕೋಚ್‌ಮನ್ ತನ್ನ ಪೀಠದ ಬಲಬದಿಗೆ ಕೂರುತ್ತಾನೆ. ಪೀಠವಿಲ್ಲದೆ ಕುದುರೆಯ ಮೇಲೇ ಕೂತು ಗಾಡಿ ನಡೆಸುವವನಾದರೆ ಜೋಡಿಯ ಎಡಗುದುರೆಯ ಮೇಲಿರುತ್ತಾನೆ. ನಿಮ್ಮ ಚಿತ್ರದಲ್ಲಿ ಕೋಚ್‌ಮನ್ ಎಡಕ್ಕಿದ್ದು ಚಾಟಿಯೂ ಎಡಗೈಯಲ್ಲಿದ್ದರೆ ಅದು ಕನ್ನಡಿಯಂತೆ ಮಗುಚಿದ ಪ್ರತಿ ಎಂದು ತಿಳಿಯಿರಿ. ಅಂತರ್ಜಾಲದಲ್ಲಿ ಅಂಥವು ಬೇಕಾದಷ್ಟು ಸಿಗುತ್ತವೆ.

ಟಪಾಲು ಸಾರೋಟು ಬೇರೆ, ಖಾಸಗಿಯವರ ಪ್ರಯಾಣದ ಸಾರೋಟು ಬೇರೆ. ಬಾತ್ ನಗರದ ರಂಗಮಂದಿರದ ಒಡೆಯ ಜಾನ್ ಪಾಮರ್ ಹಾಕಿಕೊಟ್ಟ ಯೋಜನೆಯಂತೆ 1784ರ ಆಗಸ್ಟ್ 2ರಂದು ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಟಪಾಲು ಸಾರೋಟು ಹೊರಟಿತು. ಅದರ ಬಣ್ಣ ಚಿತ್ರಕಾರನ ಇಷ್ಟಕ್ಕೆ ಬಿಟ್ಟದ್ದಲ್ಲ: ಮೇಲಿನ ಹಲಗೆಗಳು ಕಪ್ಪು, ಕೆಳಗಿನ ಹಲಗೆ ಮತ್ತು ಬಾಗಿಲು ಮೆರೂನ್, ಗಾಲಿಗಳು ಕಡುಗೆಂಪು. ಬಾಗಿಲ ಮೇಲೆ ರಾಜಲಾಂಛನ, ಮೇಲಿನ ಹಲಗೆಗಳ ಮೇಲೆ ನಾಲ್ಕು ನೈಟ್ ಪದವಿಗಳ ನಕ್ಷತ್ರಗಳು, ಹಿಂದಿನ ಪೆಟ್ಟಿಗೆಯ ಮೇಲೆ ಗಾಡಿಯ ಸಂಖ್ಯೆ. ಕೆಂಪು ಸಮವಸ್ತ್ರದ ಗಾರ್ಡ್ ಹಿಂದೆ ಒಬ್ಬನೇ ಕೂರುತ್ತಾನೆ, ಕಾಲಡಿಯಲ್ಲಿ ಬೀಗ ಹಾಕಿದ ಟಪಾಲು ಪೆಟ್ಟಿಗೆ, ಕೈಗೆ ಸಿಗುವಂತೆ ಅಗಲಬಾಯಿಯ ಬಂದೂಕು ಮತ್ತು ಒಂದು ಜೊತೆ ಪಿಸ್ತೂಲು. ಸುಂಕದ ಕಟ್ಟೆಯಲ್ಲಿ ಟಪಾಲು ಗಾಡಿ ಸುಂಕ ಕಟ್ಟಬೇಕಿರಲಿಲ್ಲ. ಗಾರ್ಡ್ ಕೊಂಬು ಊದಿದರೆ ಗೇಟು ಮೊದಲೇ ತೆರೆದಿರಬೇಕು. ಗಾರ್ಡಿನ ಪಕ್ಕದಲ್ಲಿ ಪ್ರಯಾಣಿಕರನ್ನು ಕೂರಿಸಿ, ಬಾಗಿಲ ಮೇಲೆ ಊರಿನ ಹೆಸರು ಬರೆದು, ಅದನ್ನು ಟಪಾಲು ಗಾಡಿ ಎಂದರೆ ನಡೆಯುವುದಿಲ್ಲ. ಊರುಗಳ ಹೆಸರು, ಬಗೆಬಗೆಯ ಬಣ್ಣ, ಛಾವಣಿಯ ತುಂಬ ಜನ: ಇವು ಖಾಸಗಿ ಸಾರೋಟಿನ ಗುರುತು.

ಈ ಲೋಕವನ್ನು ಎಲ್ಲರಿಗಿಂತ ಕೂಲಂಕಷವಾಗಿ ಬರೆದವನು ಜೇಮ್ಸ್ ಪೊಲಾರ್ಡ್ (1792–1867). 1816ರ ಅಕ್ಟೋಬರಿನಲ್ಲಿ ಸಾಲ್ಸ್‌ಬರಿ ಹತ್ತಿರ, ಪ್ರಾಣಿ ಪ್ರದರ್ಶನದಿಂದ ತಪ್ಪಿಸಿಕೊಂಡ ಸಿಂಹಿಣಿಯೊಂದು ಎಕ್ಸೆಟರ್ ಟಪಾಲು ಗಾಡಿಯ ಕುದುರೆಯ ಮೇಲೆರಗಿದ ಪ್ರಸಂಗವನ್ನೂ ಅವನು ಚಿತ್ರಿಸಿದ್ದಾನೆ. ಜಾನ್ ಫ್ರೆಡರಿಕ್ ಹೆರಿಂಗ್ (1795–1865) ಚಿತ್ರಕಾರನಾಗುವ ಮೊದಲು ಸ್ವತಃ ಸಾರೋಟು ಓಡಿಸುತ್ತಿದ್ದವನು. 1830ರ ನಂತರ ಟಪಾಲು ಒಂದೊಂದಾಗಿ ರೈಲಿಗೆ ಹೋಯಿತು, ಲಂಡನ್ನಿನಿಂದ ಹೊರಡುತ್ತಿದ್ದ ಕೊನೆಯ ಟಪಾಲು ಸಾರೋಟು 1846ರಲ್ಲಿ ನಿಂತಿತು. ಆಮೇಲೂ ದಶಕಗಟ್ಟಲೆ ಈ ದೃಶ್ಯಗಳಿಗೆ ಬೇಡಿಕೆಯಿತ್ತು, ಗಾಡಿಯನ್ನೇ ಕಾಣದವರೂ ಬರೆದರು. ಹಾಗಾಗಿ ಮಾದರಿಯಾಗಿ 1840ಕ್ಕಿಂತ ಹಿಂದಿನದನ್ನು ಆರಿಸಿಕೊಳ್ಳಿ. ತಡವಾಗಿ ಬಂದವುಗಳಲ್ಲಿ ಹಿಮ, ಹೋಟೆಲಿನ ದೀಪ, ಕೊಂಬು ಎಲ್ಲ ಚೆನ್ನಾಗಿರುತ್ತದೆ, ಎಳೆಪಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿದರೆ ಎಲ್ಲಿಗೂ ಹೋಗಿರುವುದಿಲ್ಲ.

ಈಗ ಗಾಲಿ. ನಿಮ್ಮದು ತಟ್ಟೆಯಂತೆ ಕಾಣುವುದಕ್ಕೆ ಕಾರಣ, ಅದನ್ನು ನಿಜವಾಗಿಯೂ ಚಪ್ಪಟೆ ಎಂದುಕೊಂಡು ಬರೆದಿರುವುದು. ಸಾರೋಟಿನ ಗಾಲಿ ಚಪ್ಪಟೆಯಲ್ಲ, ಸಾಸರಿನಂತೆ ತಗ್ಗಾದದ್ದು, ತಗ್ಗು ಹೊರಮುಖವಾಗಿ. ಗಾಲಿಯ ನಡುವಿನ ಗುಂಬದಿಂದ ಹೊರಟ ಅರೆಗಳು, ಅಂದರೆ ಮರದ ಕಡ್ಡಿಗಳು, ನೆಟ್ಟಗೆ ಹೋಗದೆ ಸ್ವಲ್ಪ ಹೊರಕ್ಕೆ ಓರೆಯಾಗಿ ಹೋಗಿ ಸುತ್ತಿನ ಮರದ ತುಂಡುಗಳನ್ನು ಸೇರುತ್ತವೆ. ಓಡುವಾಗ ಗಾಡಿ ಪಕ್ಕಕ್ಕೆ ತೂಗಿದರೆ ಆ ಒತ್ತಡವನ್ನು ಚಪ್ಪಟೆ ಗಾಲಿ ತಾಳಿಕೊಳ್ಳಲಾರದು, ಸಾಸರಿನಾಕಾರದ್ದು ತಾಳಿಕೊಳ್ಳುತ್ತದೆ. ಅಚ್ಚಿನ ತುದಿಗಳನ್ನು ಕೊಂಚ ಕೆಳಕ್ಕೆ ಬಗ್ಗಿಸಿರುವುದರಿಂದ ನೆಲಕ್ಕೆ ತಾಗುವ ಕಡೆಯ ಅರೆ ಮಾತ್ರ ತೂಗುಗುಂಡಿನ ದಾರದಂತೆ ನೆಟ್ಟಗಿದ್ದು ಭಾರ ಹೊರುತ್ತದೆ. ಗಾಲಿಯ ಮೇಲ್ಭಾಗ ಹೊರಕ್ಕೆ ವಾಲುತ್ತದೆ. ಹಿಂದಿನಿಂದ ನೋಡಿದರೆ ಎರಡು ಗಾಲಿಗಳ ನಡುವಿನ ಅಂತರ ಕೆಳಗಿಗಿಂತ ಮೇಲೆ ಹೆಚ್ಚು.

ಬರೆಯುವಾಗ ಇದನ್ನು ಹೀಗೆ ತನ್ನಿ. ಓರೆಯಿಂದ ಕಾಣುವ ಗಾಲಿ ದೀರ್ಘವೃತ್ತವಾಗುತ್ತದೆ. ಅದರ ಗಿಡ್ಡ ಅಕ್ಷ ಅಚ್ಚಿನ ದಿಕ್ಕಿನಲ್ಲೇ ಇರಬೇಕು. ಮೊದಲು ಅಚ್ಚಿನ ಗೆರೆ ಎಳೆದು, ಅದರ ಮೇಲೆ ವೃತ್ತ ಕೂರಿಸಿ. ಆಮೇಲೆ ಗುಂಬವನ್ನು ವೃತ್ತದ ನಟ್ಟನಡುವೆ ಇಡದೆ, ಅಚ್ಚಿನ ಗೆರೆಯ ಮೇಲೇ ಗಾಡಿಯ ಕಡೆಗೆ ಒಂದು ಚೂರು ಸರಿಸಿ. ಅರೆಗಳನ್ನು ಅಲ್ಲಿಂದ ಎಳೆದರೆ ತಗ್ಗು ತಾನಾಗಿ ಬರುತ್ತದೆ. ಅರೆಗಳ ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು, ಸುತ್ತಿನ ಪ್ರತಿ ಮರದ ತುಂಡಿಗೂ ಎರಡೆರಡು ಅರೆ ಕೂರುತ್ತವೆ. ಸಾಮಾನ್ಯವಾಗಿ ಮುಂಗಾಲಿಗೆ 10 ಅಥವಾ 12, ಹಿಂಗಾಲಿಗೆ 12 ಅಥವಾ 14. ತಿರುವಿನಲ್ಲಿ ಹೊರಳಬೇಕಾದ್ದರಿಂದ ಮುಂಗಾಲಿ ಚಿಕ್ಕದು. ಹಿಂಗಾಲಿ ಸುಮಾರು ನಾಲ್ಕೂವರೆ ಅಡಿ ಎತ್ತರ. ಸಾರೋಟಿನ ಕುದುರೆಯ ಎತ್ತರ ಹೆಗಲಿನ ಬಳಿ ಸುಮಾರು 60ರಿಂದ 64 ಅಂಗುಲ, ಕುದುರೆಯವರ ಅಳತೆಯಲ್ಲಿ 15ರಿಂದ 16 ಹ್ಯಾಂಡ್, ಒಂದು ಹ್ಯಾಂಡಿಗೆ 4 ಅಂಗುಲ. ಅಂದರೆ ಸಮನೆಲದಲ್ಲಿ ಹಿಂಗಾಲಿಯ ತಲೆ ಕುದುರೆಯ ಹೆಗಲಿಗಿಂತ ಹತ್ತಿರ ಹತ್ತಿರ ಒಂದು ಗೇಣು ಕೆಳಗೆ ನಿಲ್ಲಬೇಕು. ನಿಮ್ಮ ಚಿತ್ರಕ್ಕೆ ದೂರನೋಟದ ಕುಗ್ಗುವಿಕೆ ಲೆಕ್ಕ ಹಾಕಿ ಈ ಒಂದು ಅಳತೆ ಸರಿಮಾಡಿದರೆ ಅರ್ಧ ತೊಂದರೆ ತೀರುತ್ತದೆ. ಕುದುರೆ ಚಿಕ್ಕದಾಗಿ ಗಾಡಿ ಮನೆಯಷ್ಟಾಗುವುದು ಬಹಳ ಸಾಮಾನ್ಯ. ನಾಲ್ಕು ಕುದುರೆಗಳು ಹಿಡಿಯುವ ಉದ್ದ ಗಾಡಿಯ ಉದ್ದಕ್ಕಿಂತ ಹೆಚ್ಚು ಎಂಬುದನ್ನು ಮರೆತು, ಕೊನೆಗೆ ಮುಂಜೋಡಿಯನ್ನು ಚೌಕಟ್ಟಿನೊಳಗೆ ತುರುಕುವುದೂ ಅಷ್ಟೇ ಸಾಮಾನ್ಯ. 24 × 36 ಅಂಗುಲದ ಕ್ಯಾನ್ವಾಸಿನಲ್ಲಿ ಮುಂಜೋಡಿಯ ಮೂಗು ಎಲ್ಲಿಗೆ ಬರುತ್ತದೆ ಎಂದು ಮೊದಲು ಗುರುತಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬನ್ನಿ.

ಉರುಳುವ ಗಾಲಿಯ ಅರೆಗಳನ್ನು ಮಸುಕು ಮಾಡಬೇಕೇ? ಪೊಲಾರ್ಡ್ ಮತ್ತವನ ಕಾಲದವರು ಪ್ರತಿ ಅರೆಯನ್ನೂ ಸ್ಪಷ್ಟವಾಗಿಯೇ ಬರೆದರು, ನನಗೆ ಅದೇ ಇಷ್ಟ. ಮಸುಕು ಮಾಡುವುದಾದರೆ ಮೇಲರ್ಧವನ್ನು ಮಾಡಿ. ನೆಲಕ್ಕೆ ತಾಗಿದ ಬಿಂದು ಆ ಕ್ಷಣಕ್ಕೆ ನಿಶ್ಚಲ, ಗಾಲಿಯ ತಲೆ ಗಾಡಿಯ ಎರಡರಷ್ಟು ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. ಇಡೀ ಗಾಲಿಯನ್ನು ಒಂದೇ ಸಮನೆ ಉಜ್ಜಿದರೆ ಅದು ನಿಂತಲ್ಲೇ ತಿರುಗುವ ಫ್ಯಾನಿನಂತೆ ಕಾಣುತ್ತದೆ.

ಇನ್ನು ಹಾರುವ ಕುದುರೆಯ ಮಾತು. ನಾಲ್ಕೂ ಕಾಲು ಹಿಂದಕ್ಕೂ ಮುಂದಕ್ಕೂ ಚಾಚಿ ನೆಲ ಬಿಟ್ಟಿರುವ ಭಂಗಿ ಕುದುರೆಯ ನಾಗಾಲೋಟದಲ್ಲಿ ಇಲ್ಲ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್‌ವರ್ಡ್ ಮೈಬ್ರಿಡ್ಜ್ ತೆಗೆದ ಸಾಲು ಫೋಟೊಗಳು ಅದನ್ನು ತೋರಿಸಿದವು: ನಾಲ್ಕೂ ಗೊರಸು ನೆಲ ಬಿಡುವ ಕ್ಷಣವೇನೋ ಇದೆ, ಆದರೆ ಆಗ ಕಾಲುಗಳು ಹೊಟ್ಟೆಯಡಿ ಮುದುಡಿಕೊಂಡಿರುತ್ತವೆ. ಅದಕ್ಕಿಂತ ಹಿಂದಿನವರಿಗೆ ಕಣ್ಣಿನಲ್ಲಿ ಹಿಡಿಯಲಾಗದ್ದು ಇದು. ಚಿತ್ರಕಾರ ಜಾರ್ಜ್ ಸ್ಟಬ್ಸ್‌ಗಿಂತ (1724–1806) ಕುದುರೆಯನ್ನು ಬಲ್ಲವರು ಯಾರಿದ್ದರು? ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಹಳ್ಳಿಯ ಮನೆಯೊಂದರಲ್ಲಿ ಸುಮಾರು ಹದಿನೆಂಟು ತಿಂಗಳು ಸತ್ತ ಕುದುರೆಗಳನ್ನು ಕೊಕ್ಕೆಗಳಿಂದ ತೂಗುಹಾಕಿ, ಪದರ ಪದರವಾಗಿ ಬಿಡಿಸಿ ಬರೆದುಕೊಂಡವನು ಅವನು. 1766ರಲ್ಲಿ ಅದನ್ನು ಪ್ರಕಟಿಸುವಾಗ ತಾಮ್ರದ ಹಲಗೆಗಳನ್ನೂ ತಾನೇ ಕೊರೆದ. ಅಂಥವನೂ ಪಂದ್ಯದ ಕುದುರೆಗೆ ಹಾರುವ ಭಂಗಿಯನ್ನೇ ಕೊಟ್ಟಿದ್ದಾನೆ. ಹಾಗಾಗಿ ನನ್ನ ಸಲಹೆ ಇದು. ಹಳೆಯ ಚಿತ್ರವೊಂದರ ಪ್ರತಿ ಮಾಡುತ್ತಿದ್ದರೆ ಭಂಗಿಯನ್ನು ಮುಟ್ಟಬೇಡಿ, ಅದು ಆ ಕಾಲದ ಭಾಷೆ. ಸ್ವಂತ ರಚನೆಯಾದರೆ ಆ ಭಂಗಿ ಬೇಡ. ನಿಮಗೆ ನಾಗಾಲೋಟದ ಅಗತ್ಯವೂ ಇಲ್ಲ. 1830ರ ಹೊತ್ತಿಗೆ ಉತ್ತಮ ಟಪಾಲು ಗಾಡಿಗಳ ವೇಗ ಗಂಟೆಗೆ ಸುಮಾರು 10 ಮೈಲಿ, ಸುಮಾರು ಹತ್ತು ಮೈಲಿಗೊಮ್ಮೆ ಕುದುರೆ ಬದಲಾವಣೆ. ಅದು ಚುರುಕಾದ ಟ್ರಾಟಿನ, ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟದ, ವೇಗ.

ಟ್ರಾಟಿನಲ್ಲಿ ಕರ್ಣರೇಖೆಯ ಕಾಲುಗಳು ಜೊತೆಗೂಡುತ್ತವೆ: ಎಡ ಮುಂಗಾಲು ಬಲ ಹಿಂಗಾಲಿನೊಂದಿಗೆ, ಬಲ ಮುಂಗಾಲು ಎಡ ಹಿಂಗಾಲಿನೊಂದಿಗೆ. ಒಂದೇ ಪಕ್ಕದ ಎರಡು ಕಾಲನ್ನು ಒಟ್ಟಿಗೆ ಎತ್ತಿಸಿದರೆ ಅದು ಒಂಟೆಯ ನಡಿಗೆಯಾಗುತ್ತದೆ. ನಾಲ್ಕು ಕುದುರೆಗೂ ಒಂದೇ ಹೆಜ್ಜೆ ಹಾಕಿಸಬೇಡಿ, ಕವಾಯತಿನ ಹಾಗಾಗುತ್ತದೆ. ಕಾಲಿನ ಕೀಲುಗಳ ಗೊಂದಲಕ್ಕೆ ನಿಮ್ಮ ಮೈಯನ್ನೇ ಅಳತೆಗೋಲು ಮಾಡಿಕೊಳ್ಳಿ: ಕುದುರೆಯ ಮುಂಗಾಲಿನ ‘ಮಂಡಿ’ ನಮ್ಮ ಮಣಿಕಟ್ಟು, ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುವುದು ನಮ್ಮ ಹಿಮ್ಮಡಿ, ನಿಜವಾದ ಮಂಡಿ ಹೊಟ್ಟೆಯ ಅಂಚಿನ ಬಳಿ ಅಡಗಿದೆ. ಮೈಯ ಉದ್ದವೂ ಹೆಗಲಿನ ಎತ್ತರವೂ ಹೆಚ್ಚುಕಡಿಮೆ ಸಮ, ಎರಡೂ ತಲೆಯ ಉದ್ದದ ಎರಡೂವರೆ ಪಟ್ಟು. ಎಳೆಯುವ ಕುದುರೆಯ ಭಾರ ಮುಂದಕ್ಕೆ ಸರಿದಿರುತ್ತದೆ, ನೆಲ ಒತ್ತುವ ಹಿಂಗಾಲು ಹಿಂದಕ್ಕೆ ನೀಳವಾಗುತ್ತದೆ, ಕಾಲರ್ ಹೆಗಲಿಗೆ ಕಚ್ಚಿ ಕೂರುತ್ತದೆ. ಕಾಲರ್ ಮತ್ತು ಚರ್ಮದ ನಡುವೆ ಮೇಲುಗಡೆ ಬೆಳಕಿನ ಗೆರೆ ಬಿಟ್ಟಿದ್ದರೆ ಮುಚ್ಚಿಬಿಡಿ. ಬಾಲ ಗಿಡ್ಡವಾಗಿರಲಿ, ಆ ಕಾಲದ ಸಾರೋಟು ಕುದುರೆಗಳ ಬಾಲ ಕತ್ತರಿಸುವ ಕ್ರೂರ ರೂಢಿ ವ್ಯಾಪಕವಾಗಿತ್ತು. ಬ್ರಿಟನ್ ಅದನ್ನು ಕಾನೂನಿನಿಂದ ನಿಲ್ಲಿಸಿದ್ದು 1949ರಲ್ಲಿ.

ಓಟವೇ ಇಲ್ಲದ ಎರಡು ಚಿತ್ರಗಳನ್ನು ನಿಧಾನವಾಗಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಒಂದು ಸ್ಟಬ್ಸ್ 1793ರಲ್ಲಿ ವೇಲ್ಸ್ ರಾಜಕುಮಾರನಿಗಾಗಿ ಬರೆದ ಫೇಟನ್ ಎಂಬ ತೆರೆದ ಹಗುರ ಸಾರೋಟಿನ ಚಿತ್ರ. ಕುದುರೆಗಳನ್ನು ಇನ್ನೂ ಹೂಡಿಲ್ಲ. ದಪ್ಪ ಮೈಯ ಕೋಚ್‌ಮನ್ ಸ್ಯಾಮ್ಯುಯೆಲ್ ಥಾಮಸ್, ಒಬ್ಬ ಹುಡುಗ, ಕುದುರೆಯ ಮುಂದೆ ಕುಣಿಯುವ ನಾಯಿ. ಗಾಡಿಯೂ ಕುದುರೆಯೂ ಬೇರೆಬೇರೆಯಾಗಿ ನಿಂತಿರುವುದರಿಂದ ಸರಂಜಾಮಿನ ಯಾವ ಭಾಗ ಯಾವುದಕ್ಕೆ ಸೇರಿದ್ದು ಎಂದು ಕಲಿಯಲು ಇಷ್ಟು ಅನುಕೂಲವಾದ ಚಿತ್ರ ಇನ್ನೊಂದಿಲ್ಲ. ಇನ್ನೊಂದು ಜಾನ್ ಕಾನ್‌ಸ್ಟೇಬಲ್‌ನ ‘ದ ಹೇ ವೇನ್’ (1821). ಸ್ಟೂರ್ ನದಿಯ ಆಳವಿಲ್ಲದ ನೀರಿನಲ್ಲಿ ಕುದುರೆಗಳು ಹೂಡಿದ ಬರಿದಾದ ಹುಲ್ಲಿನ ಗಾಡಿ. ಕಾನ್‌ಸ್ಟೇಬಲ್ ಆ ನದಿಯ ಪಕ್ಕದ ಊರಿನವನೇ, ಆದರೂ ಲಂಡನ್ನಿನ ಚಿತ್ರಶಾಲೆಯಲ್ಲಿ ಕೂತಾಗ ಗಾಡಿಯ ವಿವರ ನೆನಪಿನಿಂದ ಬರೆಯಲು ಒಪ್ಪಲಿಲ್ಲ. ಊರಿನಲ್ಲಿದ್ದ ಕಿರಿಯ ಜಾನ್ ಡನ್‌ಥಾರ್ನ್‌ನಿಂದ ಗಾಡಿಯ ರೇಖಾಚಿತ್ರ ತರಿಸಿಕೊಂಡ. ಚಳಿಗಾಲದ ಕೊರೆಯುವ ಚಳಿಯಲ್ಲಿ ಆ ಹುಡುಗ ನಿಂತು ಬರೆದುಕೊಟ್ಟದ್ದು ಅದು. ಚಿತ್ರದ ಇಡೀ ಹಸಿರಿನ ನಡುವೆ ಕುದುರೆಗಳ ಸರಂಜಾಮಿನ ಕೆಂಪು ಚುಕ್ಕೆಗಳು ಎಷ್ಟು ಚಿಕ್ಕವು, ಎಷ್ಟು ದೂರದಿಂದ ಕಾಣುತ್ತವೆ, ಗಮನಿಸಿ. ನಿಮ್ಮ ಗಾಲಿಗಳ ಕೆಂಪಿಗೂ ಇದೇ ಲೆಕ್ಕ: ಸುತ್ತಲಿನ ಹಸಿರು, ಕಂದು ತಣ್ಣಗಿದ್ದಷ್ಟೂ ಕೆಂಪು ಕಡಿಮೆ ಸಾಕು.

ಬಣ್ಣಕ್ಕೆ ಬರೋಣ. ಮುದ್ರಿತ ಚಿತ್ರದ ಬಣ್ಣವನ್ನು ನಂಬಬೇಡಿ. ತಾಮ್ರದ ಹಲಗೆಯಿಂದ ಅಚ್ಚೊತ್ತಿದ ಆ ಅಕ್ವಾಟಿಂಟ್‌ಗಳಿಗೆ ಕೈಯಿಂದ ಜಲವರ್ಣ ಹಚ್ಚುತ್ತಿದ್ದರು, ಒಂದು ಪ್ರತಿಯಂತೆ ಇನ್ನೊಂದಿರುವುದಿಲ್ಲ. ತೈಲಚಿತ್ರದ ಫೋಟೊ ಆದರೆ ಅದರ ಕಂದು ಬಣ್ಣದಲ್ಲಿ ಹಳದಿಗಟ್ಟಿದ ವಾರ್ನಿಷಿನ ಪಾಲೂ ಇರುತ್ತದೆ. ಆ ಕಾಲದ ಅನೇಕ ಇಂಗ್ಲಿಷ್ ಚಿತ್ರಕಾರರು ನೆರಳಿಗೆ ಡಾಂಬರಿನಂಥ ಬಿಟುಮೆನ್ ಬಳಸಿದರು. ಹಚ್ಚಿದಾಗ ಮೋಹಕ, ಆದರೆ ಅದು ಪೂರ್ತಿ ಒಣಗುವುದೇ ಇಲ್ಲ, ಮೇಲಿನ ಪದರವನ್ನು ಮೊಸಳೆಯ ಚರ್ಮದಂತೆ ಬಿರಿಸುತ್ತದೆ. ನೀವು ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಬೆರೆಸಿ ನೆರಳು ಮಾಡಿಕೊಳ್ಳಿ. ಹಲಗೆಯ ಮೆರೂನ್‌ಗೆ ಅಲಿಜರಿನ್ ಕ್ರಿಮ್ಸನ್ ಜೊತೆ ಬರ್ನ್ಟ್ ಅಂಬರ್, ಕಪ್ಪು ಹಾಕಿದರೆ ಸತ್ತುಹೋಗುತ್ತದೆ. ಕೆಳಪದರ ತೆಳುವಾಗಿ, ಎಣ್ಣೆ ಕಡಿಮೆಯಾಗಿ ಇರಲಿ. ಅದು ಒಣಗಿದ ಮೇಲೆ ಎಣ್ಣೆ ಹೆಚ್ಚಿರುವ ಪಾರದರ್ಶಕ ಕೆಂಪನ್ನು ಒಂದು ಲೇಪ ಕೊಡಿ.

ಸಾರೋಟಿನ ಹಲಗೆಗೆ ಬಣ್ಣ, ವಾರ್ನಿಷ್ ಎಷ್ಟೋ ಲೇಪ ಹಚ್ಚಿ ತಿಕ್ಕಿ ಕನ್ನಡಿ ಮಾಡಿರುತ್ತಿದ್ದರು. ಹಲಗೆ ಕೆಳಗೆ ಒಳಮುಖವಾಗಿ ಬಾಗಿರುತ್ತದೆ. ಆದ್ದರಿಂದ ಮೇಲಿನ ಉಬ್ಬಿನಲ್ಲಿ ಆಕಾಶದ ತಣ್ಣನೆಯ ಬೆಳಕು, ಕೆಳಗಿನ ಬಾಗಿನಲ್ಲಿ ರಸ್ತೆಯ ಮಣ್ಣಿನ ಬಿಸಿ ಬಣ್ಣ ಕಾಣಬೇಕು. ಕುದುರೆಯ ಮೈಗೂ ಇದೇ ನಿಯಮ: ಬೆನ್ನಿನ ಹೊಳಪು ನೀಲಿಯ ಕಡೆಗೆ, ಹೊಟ್ಟೆಯಡಿಯ ನೆರಳು ನೆಲದ ಬಣ್ಣದ ಕಡೆಗೆ. ಕರಿಕುದುರೆಯ ಮೇಲೆ ಬಿಳಿಯಿಂದ ಹೊಳಪು ಹಾಕಿದರೆ ಹಿಟ್ಟು ಚೆಲ್ಲಿದಂತಾಗುತ್ತದೆ. ಕೊನೆಗೆ ಪ್ರತಿ ಗೊರಸು, ಪ್ರತಿ ಗಾಲಿ ನೆಲಕ್ಕೆ ತಾಗುವ ಜಾಗದಲ್ಲಿ ಚಿತ್ರದ ಅತ್ಯಂತ ಗಾಢ ಬಣ್ಣದ ಸಣ್ಣ ಗೀಟು ಇಡಿ. ಎತ್ತಿದ ಗೊರಸಿನ ಕೆಳಗೆ ಅದನ್ನು ಇಡಬೇಡಿ, ಅಲ್ಲಿ ನೆರಳು ಮಸುಕಾಗಿ, ಗೊರಸಿನಿಂದ ಬಿಟ್ಟು ಬೀಳಲಿ.